ಮಣಿಕಟ್ಟಿಗೆ ಅರ್ಧ ಕೆ.ಜಿ.

ಶಿಕಾರಿಪುರದ ಪೇಟೆ ಬೀದಿಯಲ್ಲಿ ಕಾಳುಕಡಿ ಅಂಗಡಿ ಇಟ್ಟಿದ್ದ ಸದಾಶಿವಪ್ಪನವರು ಮೂವತ್ತು ವರ್ಷಗಳಲ್ಲಿ ಯಾರಿಗೂ ಒಂದು ಕಾಳು ಕಡಿಮೆ ಕೊಟ್ಟವರಲ್ಲ. ಹೆಚ್ಚು ಕೊಟ್ಟವರಂತೂ ಅಲ್ಲವೇ ಅಲ್ಲ. ಸೇರು ಅಳೆದ ಮೇಲೆ ಗಿರಾಕಿಯ ಚೀಲಕ್ಕೆ ಮೇಲಿಂದ ಒಂದು ಹಿಡಿ ಕಾಳು ಹಾಕುವುದು ವಾಡಿಕೆ. ಅದಕ್ಕೆ ಕೊಸರು ಎನ್ನುತ್ತಾರೆ. ಕೊಸರು ಹಾಕದ ಅಂಗಡಿಗೆ ಹೆಂಗಸರು ಎರಡನೇ ಸಲ ಹೋಗುವುದಿಲ್ಲ. ಸದಾಶಿವಪ್ಪನವರೂ ಹಾಕುತ್ತಿದ್ದರು. ಆದರೆ ಅವರ ಹಿಡಿಯಲ್ಲಿ ಎಷ್ಟು ಕಾಳು ಇರುತ್ತಿತ್ತು ಎಂಬ ಬಗ್ಗೆ ಊರಿನಲ್ಲಿ ಭಿನ್ನಾಭಿಪ್ರಾಯವಿತ್ತು. ಏಳು ಎನ್ನುವವರಿದ್ದರು. ಒಂಬತ್ತು ಎನ್ನುವವರು ಅವರ ನೆಂಟರಿರಬೇಕೆಂದು ಜನ ತಿಳಿಯುತ್ತಿದ್ದರು.

ತೊಂಬತ್ತಾರನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಆ ಕೈಗೆ ಏನೋ ಆಯಿತು. ಕೊಸರಿನ ಹಿಡಿಯನ್ನು ಚೀಲದ ಬಾಯಿಯ ಮೇಲೆ ತಂದರೆ ಸಾಕು, ಬೆರಳುಗಳು ತಾವಾಗಿ ನಡುಗತೊಡಗುವವು. ಏಳು ಕಾಳು ಬೀಳಬೇಕಾದಲ್ಲಿ ಹಿಡಿಯಷ್ಟೂ ಬೀಳುವುದು. ಗಾಬರಿಯಿಂದ ಸೇರನ್ನು ಅಡ್ಡ ತಂದರೆ ಅದರ ತಳದಲ್ಲಿ ಉಳಿದದ್ದೂ ಬೀಳುವುದು. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏನೂ ಹೇಳಲಿಲ್ಲ. ಉಪಕಾರವಾಗುತ್ತಿರುವಾಗ ನಡುವೆ ಮಾತಾಡಬಾರದೆಂಬ ವಿವೇಕ ನಮ್ಮ ಜನಕ್ಕೆ ಹುಟ್ಟಿನಿಂದಲೇ ಇದೆ.

ಒಂದು ತಿಂಗಳಲ್ಲಿ ಅಂಗಡಿಯ ಮುಂದೆ ಸಾಲು ಬೆಳೆಯಿತು. ಇದು ಹೊಸದಾಗಿ ಬರೆಸಿದ ಬೋರ್ಡಿನ ಪ್ರಭಾವ ಎಂದು ಸದಾಶಿವಪ್ಪನವರು ನಂಬಿದರು.

ಆನವಟ್ಟಿಯಿಂದ ಶನಿವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹಸಿಮೆಣಸಿನಕಾಯಿ ಮಾರಿ, ಹೋಗುವಾಗ ಹೆಸರುಕಾಳು ಒಯ್ಯುತ್ತಿದ್ದ ಲೋಕಮ್ಮ ಮಾತ್ರ ಬಾಯಿ ಬಿಟ್ಟಳು.

"ಸಾವ್ಕಾರ್ರೇ, ಏನಾದ್ರೂ ಹರಕೆ ಹೊತ್ತೀರಾ?"

"ಯಾಕಮ್ಮ?"

"ಏನಿಲ್ಲ ಬಿಡ್ರಿ. ದೇವ್ರು ಹಿಂಗೇ ಇಟ್ಟಿರ್ಲಿ."

ದೇವರು ಹಾಗೇ ಇಡಲಿಲ್ಲ. ಯುಗಾದಿಯ ಹೊತ್ತಿಗೆ ಕಾಫಿ ಲೋಟದಿಂದ ಬಸಿಗೂ, ಬಸಿಯಿಂದ ಪಂಚೆಗೂ ಇಳಿಯತೊಡಗಿತು. ಹೆಂಡತಿ ರಾಜೇಶ್ವರಮ್ಮ ಮೂರು ದಿನ ಪಂಚೆ ಒಗೆದು, ನಾಲ್ಕನೇ ದಿನ ಗಂಡನನ್ನು ಬಸ್ಸು ಹತ್ತಿಸಿ ಶಿವಮೊಗ್ಗದ ಡಾಕ್ಟರ ಮುಂದೆ ಕೂರಿಸಿದರು.

ಡಾಕ್ಟರು ಕೈ ಚಾಚಲು ಹೇಳಿದರು, ನಡೆಯಲು ಹೇಳಿದರು, ಹೆಸರು ಬರೆಯಲು ಹೇಳಿದರು. ಬರೆದದ್ದನ್ನು ತುಂಬಾ ಹೊತ್ತು ನೋಡಿ, "ಇದು ಪಾರ್ಕಿನ್ಸನ್ ಕಾಯಿಲೆ. ಹೆದರಬೇಡಿ. ಮಾತ್ರೆ ಇದೆ. ನಿಧಾನಕ್ಕೆ ಹಿಡಿತಕ್ಕೆ ಬರುತ್ತೆ" ಎಂದರು.

"ಕುಡಿಯೋರಿಗೆ ಬರೋದಾ ಸಾರ್?"

"ಅಲ್ಲ."

"ಹಂಗಂತ ಒಂದು ಚೀಟಿ ಬರೆದು ಕೊಡ್ತೀರಾ? ಅಂಗಡೀಲಿ ಕಟ್ಟು ಹಾಕಿಸ್ತೀನಿ."

ಡಾಕ್ಟರು ಚೀಟಿ ಬರೆಯಲಿಲ್ಲ. ಮೇಜಿನ ಖಾನೆಯಿಂದ ಒಂದು ಬಟ್ಟೆಯ ಪಟ್ಟಿ ತೆಗೆದರು. ಒಳಗೆ ಸೀಸದ ಗುಂಡುಗಳು. ಊಟ ಮಾಡುವಾಗ, ಬರೆಯುವಾಗ ಇಂಥದ್ದನ್ನು ಮಣಿಕಟ್ಟಿಗೆ ಸುತ್ತಿಕೊಂಡರೆ ಆ ಭಾರಕ್ಕೆ ಕೆಲವರ ನಡುಕ ಕಡಿಮೆಯಾಗುತ್ತದೆ, ಕೆಲವರದ್ದು ಆಗುವುದಿಲ್ಲ, ಕೆಲಸ ಮುಗಿದ ಮೇಲೆ ಬಿಚ್ಚಿಡಬೇಕು, ಬೆಂಗಳೂರಿನಿಂದ ಬರಲು ಆರು ವಾರ ಬೇಕು ಎಂದೆಲ್ಲ ವಿವರಿಸಿದರು. ಸದಾಶಿವಪ್ಪನವರ ಕಿವಿಗೆ ಬಿದ್ದದ್ದು ಭಾರ ಎಂಬುದೊಂದೇ. ಮೂವತ್ತು ವರ್ಷ ತಕ್ಕಡಿ ಹಿಡಿದವರಿಗೆ ಭಾರದ ಬಗ್ಗೆ ಬೇರೆಯವರು ಹೇಳಬೇಕೆ?

ಆ ಶನಿವಾರವೇ ಲೋಕಮ್ಮ ಒಂದು ಸುದ್ದಿ ತಂದಳು. ಅವಳ ಬೀದಿಯ ಶಾಂತವೀರಪ್ಪನವರು, ಆನವಟ್ಟಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೆ. ಮಗ ಚನ್ನೇಶ್ ಸೊರಬದಲ್ಲಿ ಗಣಿತದ ಮೇಷ್ಟ್ರು. ಸದಾಶಿವಪ್ಪನವರ ಮಗಳು ಸೌಂದರ್ಯಾಳನ್ನು ಕೇಳಲು ಬಸವ ಜಯಂತಿಯ ಮಾರನೇ ದಿನ ಬರುತ್ತಾರಂತೆ.

"ನಮ್ಮ ಮನೆತನ ಅವರಿಗೆ ಹೆಂಗೆ ಗೊತ್ತು?" ಎಂದರು ಸದಾಶಿವಪ್ಪನವರು.

"ನಾನು ಹೇಳೀನಲ್ಲ! ಶಿಕಾರಿಪುರದಾಗೆ ಒಬ್ಬ ಸಾವ್ಕಾರ ಅದಾರೆ, ಸೇರು ತುಂಬಿದ ಮೇಲೂ ಅವರ ಕೈ ನಿಲ್ಲಲ್ಲ ಅಂತ."

ಲೋಕಮ್ಮ ಇದನ್ನು ಹೊಗಳಿಕೆಯಾಗಿ ಹೇಳಿದ್ದಳು. ಶಾಂತವೀರಪ್ಪನವರೂ ಹೊಗಳಿಕೆಯಾಗಿಯೇ ಕೇಳಿಸಿಕೊಂಡಿದ್ದರು. ಅವರು ಹಿರಿಯ ಮಗಳನ್ನು ಕೊಟ್ಟಿದ್ದ ಮನೆಯಲ್ಲಿ ತುಪ್ಪವನ್ನು ಚಮಚದ ಬೆನ್ನಿನಿಂದ ಸವರುತ್ತಿದ್ದರು. ಜಿಪುಣರ ಮನೆಯಿಂದ ಸೊಸೆಯೂ ಬಂದುಬಿಟ್ಟರೆ ತಾನು ಸಾಯುವವರೆಗೆ ಒಣರೊಟ್ಟಿಯೇ ಗತಿ ಎಂಬ ಭಯದಲ್ಲಿ ಅವರು ಕೈಬಿಚ್ಚಿದ ಬೀಗರನ್ನು ಎರಡು ವರ್ಷದಿಂದ ಹುಡುಕುತ್ತಿದ್ದರು.

ಸದಾಶಿವಪ್ಪನವರಿಗೆ ಮಾತ್ರ ಲೋಕಮ್ಮನ ಮಾತು ಸಿಡಿಲಿನಂತೆ ಬಡಿಯಿತು. ಕೈ ನಿಲ್ಲುವುದಿಲ್ಲವೆಂದು ಆನವಟ್ಟಿಯವರೆಗೂ ಗೊತ್ತಾಗಿದೆ!

"ಕಾಯಿಲೆ ಅಂತ ಹೇಳಿಬಿಡ್ರಿ. ಏನಾಗ್ತತಿ?" ಎಂದರು ರಾಜೇಶ್ವರಮ್ಮ.

"ಏನಾಗ್ತತಾ? ಕೈ ನಡುಗಿದ್ರೆ ಜನ ಮೊದ್ಲು ಬಾಯಿ ಮೂಸಿ ನೋಡ್ತಾರೆ. ಕುಡುಕನ ಮಗಳು ಅಂತ ಎದ್ದು ಹೋದ್ರೆ? ಮೂರು ಹುಡುಗರನ್ನ ಬ್ಯಾಡ ಅಂದೋಳು ಲೋಕಮ್ಮ ತಂದಿಟ್ಟ ಈ ಹುಡುಗನ ಫೋಟೋ ನೋಡಿ ಏನೂ ಅಂದಿಲ್ಲ. ಹೌದಿಲ್ಲೋ?"

ಹೌದು. ಸೌಂದರ್ಯ ಏನೂ ಅಂದಿರಲಿಲ್ಲ. ಆ ಮನೆಯಲ್ಲಿ ಅವಳು ಸುಮ್ಮನಿದ್ದ ಸಂದರ್ಭಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಫೋಟೋ ಕೂಡ ಮೇಜಿನ ಮೇಲಿಂದ ಕಾಣೆಯಾಗಿತ್ತು. ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆಯನ್ನು ಯಾವ ತಂದೆ ಕೇಳಿಯಾನು?

ಹಾಗಾಗಿ ಸದಾಶಿವಪ್ಪನವರು ರಾಜೇಶ್ವರಮ್ಮನ ತಮ್ಮ ನಾಗರಾಜನನ್ನು ಕರೆಸಿದರು. ನಾಗರಾಜ ಶಿರಾಳಕೊಪ್ಪದಲ್ಲಿ ಸ್ಕೂಟರ್ ಸೀಟು ಹೊಲಿಯುವವನು. ಸೀಟು ಹೊಲಿಯಲು ಬಂದರೆ ಪ್ರಪಂಚದಲ್ಲಿ ಏನನ್ನು ಬೇಕಾದರೂ ಹೊಲಿಯಬಹುದು ಎಂಬುದು ಅವನ ಸಿದ್ಧಾಂತ. ಭಾವನ ಮಣಿಕಟ್ಟಿನ ಅಳತೆ ತೆಗೆದುಕೊಂಡು, ರೆಕ್ಸಿನ್ ತುಂಡಿನಲ್ಲಿ ಒಂದು ಪಟ್ಟಿ ಹೊಲಿದು, ಒಳಗೆ ಮರಳು ತುಂಬಿದ. ಮೊದಲನೇ ದಿನವೇ ಮರಳು ಸಾರಿಗೆ ಸೋರಿತು. ರಾಗಿ ತುಂಬಿದ. ಅಂಗಡಿಯ ಇಲಿಗಳು ಅದರ ಬಗ್ಗೆ ಆಸಕ್ತಿ ತೋರಿಸಿದವು. ಕೊನೆಗೆ ಭಾವ ಮೈದುನ ಇಬ್ಬರ ಕಣ್ಣೂ ಏಕಕಾಲಕ್ಕೆ ತಕ್ಕಡಿಯ ಪಕ್ಕದಲ್ಲಿ ಸಾಲಾಗಿ ಕೂತಿದ್ದ ಕಬ್ಬಿಣದ ತೂಕದ ಕಲ್ಲುಗಳ ಮೇಲೆ ಬಿದ್ದವು.

"ಡಾಕ್ಟ್ರು ತೋರಿಸಿದ್ದು ಎಷ್ಟಿತ್ತು ಭಾವ?"

"ಕಾಲು ಕೆ.ಜಿ. ಇದ್ದೀತು."

"ಹಂಗಾದ್ರೆ ಅರ್ಧ ಹಾಕಾನ. ಎರಡು ಪಟ್ಟು ಗುಣ."

"ನಡುಗೋದು ಬಲಗೈ ಒಂದೇ ಅಲ್ಲೇನೋ?"

"ಎತ್ತಿಗೆ ಒಂದೇ ಕಡೆ ಹೊರೆ ಹಾಕ್ತಾರಾ ಭಾವ?"

ಎರಡು ಕೈಗೂ ಒಂದೊಂದು ಅರ್ಧ ಕೆ.ಜಿ. ಕಲ್ಲನ್ನು ರೆಕ್ಸಿನ್ ಚೀಲದಲ್ಲಿ ಹಾಕಿ ಬಿಗಿದು, ಮೇಲೆ ತುಂಬುತೋಳಿನ ಅಂಗಿಯ ಗುಂಡಿ ಹಾಕಿದ್ದಾಯಿತು. ಆಶ್ಚರ್ಯವೆಂದರೆ ಕೈ ನಿಂತಿತು. ಕಾಫಿ ಲೋಟದಲ್ಲೇ ಉಳಿಯಿತು. ಸದಾಶಿವಪ್ಪನವರು ಆನಂದದಿಂದ ಕಣ್ಣೊರೆಸಿಕೊಳ್ಳಲು ಕೈ ಎತ್ತಿದರು. ಕೈ ಎದೆಯವರೆಗೆ ಬಂದು, ಯೋಚಿಸಿ, ವಾಪಸು ಹೋಯಿತು.

ಕೆಲಸ ಮುಗಿದ ಮೇಲೆ ಬಿಚ್ಚಿಡಬೇಕೆಂದು ಡಾಕ್ಟರು ಹೇಳಿದ್ದರಷ್ಟೆ? ಅಂಗಡಿಯಲ್ಲಿ ಕೂತವನ ಕೆಲಸ ಯಾವಾಗ ಮುಗಿಯುತ್ತದೆ? ಬೆಳಗಿನಿಂದ ಸಂಜೆಯವರೆಗೆ ಅವರು ಅದನ್ನು ಬಿಚ್ಚಲೇ ಇಲ್ಲ.

ಮುಂದಿನ ಶನಿವಾರ ಲೋಕಮ್ಮ ಸಾಲಿನಲ್ಲಿ ನಿಂತು ಚೀಲ ಒಡ್ಡಿದಳು. ಸೇರು ಬಿತ್ತು. ಕೊಸರಿನ ಕೈ ಬಂತು. ಕಲ್ಲಿನಂತೆ ನಿಂತಿತು. ಕಾಳು ಬಿತ್ತು. ಲೋಕಮ್ಮ ಚೀಲದೊಳಗೆ ಬಗ್ಗಿ ನೋಡಿದಳು.

"ಏಳು!" ಎಂದಳು.

ಹಿಂದೆ ನಿಂತಿದ್ದವರಲ್ಲಿ ಒಂದು ಗೊಣಗಾಟ ಎದ್ದಿತು. ಅದೇ ಹೊತ್ತಿಗೆ ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರು ವರ್ಷಾವಧಿ ತಪಾಸಣೆಗೆ ಅಂಗಡಿಯ ಮೆಟ್ಟಿಲು ಹತ್ತಿದರು. ಸದಾಶಿವಪ್ಪನವರು ಎದ್ದು ನಮಸ್ಕಾರಕ್ಕೆ ಕೈ ಎತ್ತಿದರು. ಕೈಗಳು ಅರ್ಧ ದಾರಿಯಲ್ಲಿ ಸೋತು ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದವು. ಠಣ್ ಎಂದಿತು.

"ಏನ್ರೀ ಅದು?" ಎಂದರು ಇನ್ಸ್‌ಪೆಕ್ಟರು.

"ಕಡಗ ಸಾರ್."

"ಗಂಡಸರಿಗೆ ಕಡಗಾನಾ?"

"ಹರಕೆದು ಸಾರ್."

"ನಾನು ಅವತ್ತೇ ಅಂದಿದ್ದೆ, ಹರಕೆ ಅಂತ," ಎಂದಳು ಲೋಕಮ್ಮ.

ಇನ್ಸ್‌ಪೆಕ್ಟರು ಕೂತು ಕಲ್ಲುಗಳನ್ನು ಸಾಲಾಗಿ ಇಡಿಸಿ ಮುದ್ರೆ ನೋಡತೊಡಗಿದರು. ಐದು ಕೆ.ಜಿ. ಇತ್ತು. ಎರಡು ಇತ್ತು. ಒಂದು ಇತ್ತು. ಇನ್ನೂರು ಗ್ರಾಮು, ನೂರು ಗ್ರಾಮು ಇದ್ದವು.

"ಅರ್ಧ ಕೆ.ಜಿ. ಎಲ್ಲಿ? ಹೋದ ವರ್ಷ ಎರಡಕ್ಕೆ ಮುದ್ರೆ ಹಾಕಿದೀನಿ."

ಸತ್ಯ ಹೇಳಲು ಅಂಗಿಯ ಗುಂಡಿ ಬಿಚ್ಚಿದರೆ ಸಾಕಿತ್ತು. ಆದರೆ ಆನವಟ್ಟಿಯ ಬಾಯಿ ಎದುರಿಗೇ ಹಸಿಮೆಣಸಿನಕಾಯಿ ಬುಟ್ಟಿ ಹಿಡಿದು ನಿಂತಿತ್ತು.

"ಮನೇಲವೆ ಸಾರ್."

"ಮನೇಲಿ ಯಾಕ್ರೀ?"

"ಅಡುಗೆಗೆ."

"ಅಡುಗೆಗೆ?"

"ಅಕ್ಕಿ... ತೂಕ ಮಾಡೋಕೆ."

ಎದುರು ಹೋಟೆಲಿನವನು ದೋಸೆ ಮಗುಚುವುದನ್ನು ಮರೆತ. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಸದಾಶಿವಪ್ಪನವ್ರೇ, ಇಪ್ಪತ್ತೆರಡು ವರ್ಷದ ಸರ್ವೀಸು ನಂದು. ಗಿರಾಕಿಗೆ ತೂಕದಲ್ಲಿ ಹೊಡೆಯೋರನ್ನ ಬೇಕಾದಷ್ಟು ನೋಡಿದೀನಿ. ಹೆಂಡ್ತಿಗೆ ತೂಕ ಮಾಡಿ ಅಕ್ಕಿ ಕೊಡೋರನ್ನ ಇವತ್ತೇ ನೋಡಿದ್ದು."

ಹದಿನೈದು ದಿನದೊಳಗೆ ಆ ಎರಡು ಕಲ್ಲುಗಳನ್ನು ಕಚೇರಿಗೆ ತಂದು ತೋರಿಸಬೇಕೆಂದು ಬರೆದುಕೊಟ್ಟು ಅವರು ಹೋದರು. ಲೋಕಮ್ಮ ಅವರಿಗಿಂತ ಮೊದಲೇ ಬಸ್‌ಸ್ಟ್ಯಾಂಡ್ ಸೇರಿದ್ದಳು.

ಬಸ್ಸು ಶಿರಾಳಕೊಪ್ಪ ಮುಟ್ಟುವಾಗ ಸದಾಶಿವಪ್ಪನವರು ಹೆಂಡತಿಗೆ ಅಕ್ಕಿ ತೂಗಿ ಕೊಡುತ್ತಿದ್ದರು. ಆನವಟ್ಟಿಯಲ್ಲಿ ಇಳಿಯುವಾಗ ಬೇಯಿಸಿದ ಅನ್ನವನ್ನೇ ತೂಗಿ ಬಡಿಸುತ್ತಿದ್ದರು. ಸಂಜೆ ಶಾಂತವೀರಪ್ಪನವರ ಕಟ್ಟೆಯ ಮೇಲೆ ಆ ಸುದ್ದಿ ಕಾಲು ಚಾಚಿ ಕೂರುವ ಹೊತ್ತಿಗೆ, ಮನೆಗೆ ಬಂದ ನೆಂಟರಿಗೂ ಎಲೆಯ ಪಕ್ಕದಲ್ಲಿ ತಕ್ಕಡಿ ಇಡುತ್ತಿದ್ದರು.

"ಸಂಬಂಧ ಬ್ಯಾಡ ತಮ್ಮಾ," ಎಂದರು ಶಾಂತವೀರಪ್ಪನವರ ಅಕ್ಕ ಗೌರಮ್ಮ. "ಒಂದು ಜಿಪುಣರ ಮನೆ ಸಾಲದಾ ನಿಂಗೆ?"

"ಕೈ ನಿಲ್ಲಲ್ಲ ಅಂದೋಳೂ ಇವಳೇ, ತೂಗ್ತಾರೆ ಅಂದೋಳೂ ಇವಳೇ. ಎಂತ ನಂಬೋದು? ಉಣ್ಣಾಕೇ ಹೋಗಿ ಕಣ್ಣಾರೆ ನೋಡಿ ಬರಾನ," ಎಂದರು ಶಾಂತವೀರಪ್ಪನವರು. ಮಗ ಚನ್ನೇಶ್ ಜೇಬು ಮುಟ್ಟಿ ನೋಡಿಕೊಂಡ. ಅವನ ಜೇಬಿನಲ್ಲೂ ಒಂದು ಫೋಟೋ ಇತ್ತು.

ಶಿಕಾರಿಪುರಕ್ಕೆ ಒಂದು ಕಾರ್ಡು ಬಂತು. "ಮಧ್ಯಾಹ್ನದ ಊಟಕ್ಕೇ ಬರುತ್ತೇವೆ. ಐದು ಜನ. ಎಲ್ಲರೂ ಚೆನ್ನಾಗಿ ಉಣ್ಣುವವರು." ಸದಾಶಿವಪ್ಪನವರು ಅದನ್ನು ಮೂರು ಸಲ ಓದಿ, "ಎಷ್ಟು ಸಲಿಗೆಯ ಜನ ನೋಡು!" ಎಂದು ಸಂತೋಷಪಟ್ಟರು.

ಆ ದಿನ ರಾಜೇಶ್ವರಮ್ಮ ಬೆಳಗಿನಿಂದ ಹೋಳಿಗೆ ಬೇಯಿಸಿದರು. ಊಟದ ಎಲ್ಲ ಪದಾರ್ಥಗಳನ್ನೂ ಯಾರು ಬೇಕಾದರೂ ಬಡಿಸಬಹುದು, ತುಪ್ಪವನ್ನು ಮಾತ್ರ ಮನೆಯ ಯಜಮಾನನೇ ಬೀಗರಿಗೆ ಬಡಿಸಬೇಕೆಂಬುದು ಆ ಮನೆಯ ಪದ್ಧತಿ. ಬೀಗರು ಸಾಕು ಎನ್ನುವವರೆಗೆ ಸುರಿಯಬೇಕು. ಸುರಿಯುವವನು ತಾನಾಗಿ ನಿಲ್ಲಿಸುವಂತಿಲ್ಲ. ಇದನ್ನು ನೆನೆದೇ ಸದಾಶಿವಪ್ಪನವರು ಮೈದುನನಿಂದ ಎರಡು ಪಟ್ಟಿಗಳನ್ನೂ ಮತ್ತೆ ಬಿಗಿಸಿಕೊಂಡಿದ್ದರು.

"ಎಷ್ಟು ಬಿಗಿ ಮಾಡಿದೀಯೋ? ಬೆರಳು ನೀಲಿ ಆಗ್ತಾ ಐತೆ."

"ಇವತ್ತೊಂದು ದಿನ ತಡ್ಕಳ್ರಿ ಭಾವ. ನಾಳೆ ಬೇಕಾದ್ರೆ ನಡುಗ್ರಿ."

ಎಲೆಗಳು ಬಿದ್ದವು. ಶಾಂತವೀರಪ್ಪನವರು, ಪಕ್ಕದಲ್ಲಿ ಗೌರಮ್ಮ, ಆಮೇಲೆ ಚನ್ನೇಶ್, ಕೊನೆಗೆ ಇಬ್ಬರು ನೆಂಟರು. ಗೌರಮ್ಮ ಕೂರುವ ಮೊದಲು ಮೂಲೆಮೂಲೆಯಲ್ಲಿ ತಕ್ಕಡಿ ಹುಡುಕಿದರು. ಸಿಗಲಿಲ್ಲ. ಹೋಳಿಗೆ ಬಂತು, ಒಂದಲ್ಲ, ಎರಡೆರಡು. ಶಾಂತವೀರಪ್ಪನವರ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಸದಾಶಿವಪ್ಪನವರು ಬೆಳ್ಳಿಯ ಗಿಂಡಿ ಹಿಡಿದು ಬಂದರು.

ಕೈ ನಡುಗಲಿಲ್ಲ. ಇಡೀ ಶಿಕಾರಿಪುರ ತಾಲ್ಲೂಕಿನಲ್ಲಿ ಆ ಗಳಿಗೆ ಅಷ್ಟು ಗಟ್ಟಿಯಾದ ಕೈ ಇನ್ನೊಂದಿರಲಿಲ್ಲ. ಆದರೆ ನಾಗರಾಜನ ರೆಕ್ಸಿನ್ ಎಷ್ಟು ಬಿಗಿಯಾಗಿತ್ತೆಂದರೆ ಮಣಿಕಟ್ಟು ಬಗ್ಗಲಿಲ್ಲ. ಗಿಂಡಿ ವಾಲಲಿಲ್ಲ. ಬಹಳ ಪ್ರಯತ್ನದ ಮೇಲೆ ಅದರ ಕೊಕ್ಕಿನ ತುದಿಯಲ್ಲಿ ಒಂದು ಹನಿ ಹುಟ್ಟಿತು. ಬಿತ್ತು. ಎಲ್ಲರೂ ನೋಡುತ್ತಿದ್ದರು. ಎರಡನೆಯದು ಬಿತ್ತು. ಬಹಳ ಹೊತ್ತಿನ ನಂತರ ಮೂರನೆಯದು.

"ತಮ್ಮಾ," ಎಂದರು ಗೌರಮ್ಮ, "ಇದು ತುಪ್ಪಾನೋ, ತೀರ್ಥಾನೋ? ಕಣ್ಣಿಗೆ ಒತ್ಕಬೇಕಾ?"

ಸದಾಶಿವಪ್ಪನವರು ಬೆವೆತರು. ಗಿಂಡಿಯನ್ನು ವಾಲಿಸಲು ಇಡೀ ತೋಳನ್ನೇ ಮೇಲೆತ್ತಿ ಒದರಿದರು. ಶಿರಾಳಕೊಪ್ಪದ ಹೊಲಿಗೆ ಬಿಚ್ಚಿತು, ತೋಳಿನ ಗುಂಡಿ ಹಾರಿತು. ಅಂಗಿಯ ತೋಳಿನೊಳಗಿಂದ ಸರ್ಕಾರಿ ಮುದ್ರೆಯ ಅರ್ಧ ಕೆ.ಜಿ. ಕಲ್ಲು ಜಾರಿ ಬಂದು, ಶಾಂತವೀರಪ್ಪನವರ ಎಲೆಯ ಮೇಲಿದ್ದ ಹಪ್ಪಳವನ್ನು ಪುಡಿ ಮಾಡಿ, ಹೋಳಿಗೆಯ ಪಕ್ಕದಲ್ಲಿ ಮುದ್ರೆ ಮೇಲಾಗಿ ಕೂತಿತು.

ಒಳಗೆ ಒಲೆಯ ಮೇಲೆ ಸಾರು ಕುದಿಯುವ ಸದ್ದು ಕೇಳಿಸುತ್ತಿತ್ತು.

"ಲೋಕಮ್ಮ ಹೇಳಿದ್ದು ಖರೆ ಆತಲ್ಲೋ!" ಎಂದು ಗೌರಮ್ಮ ಕೂಗಿದರು. "ತೂಕದ ಕಲ್ಲು ತೋಳಿನಾಗೇ ಇಟ್ಕಂಡು ಬಡಿಸ್ತಾರೆ!"

"ಹಂಗಲ್ರೀ ಅಮ್ಮ," ಎಂದು ನಾಗರಾಜ ಸಮಾಧಾನಕ್ಕೆ ಮುಂದೆ ಬಂದ. "ಒಂದೇ ಅಲ್ಲ, ಇನ್ನೊಂದು ಆ ತೋಳಲ್ಲೈತೆ."

ಶಾಂತವೀರಪ್ಪನವರು ಎಲೆ ಬಿಟ್ಟು ಎದ್ದರು. ಬಡಿಸಿದ ಎಲೆಯನ್ನು ಬಿಟ್ಟು ಬೀಗರು ಎದ್ದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಚನ್ನೇಶ್ ಮಾತ್ರ ಏಳಲಿಲ್ಲ. ಹೋಳಿಗೆ ಮುರಿದದ್ದು ಕೈಯಲ್ಲಿ ಹಾಗೇ ಇತ್ತು.

ಅಡುಗೆಮನೆಯಿಂದ ಸೌಂದರ್ಯ ಬಂದಳು. ಯಾರನ್ನೂ ನೋಡದೆ ಅಪ್ಪನ ಕೈಯಿಂದ ಗಿಂಡಿ ತೆಗೆದು ಕೆಳಗಿಟ್ಟಳು. ತೋಳು ಮಡಿಸಿ, ಎಡಗೈಯ ಪಟ್ಟಿಯನ್ನೂ ಬಿಚ್ಚಿದಳು. ಮಣಿಕಟ್ಟುಗಳ ಮೇಲೆ ರೆಕ್ಸಿನ್ನಿನ ಕೆಂಪು ಗುರುತು ಬಿದ್ದಿತ್ತು.

"ಅಪ್ಪಾ, ಕೈ ತೋರಿಸು."

ಸದಾಶಿವಪ್ಪನವರು ಬಲಗೈ ಚಾಚಿದರು. ಮೂರು ವಾರ ಹಿಡಿದಿಟ್ಟಿದ್ದನ್ನೆಲ್ಲ ಬಡ್ಡಿ ಸಮೇತ ತೀರಿಸುವಂತೆ ಅದು ನಡುಗಿತು.

"ಪಾರ್ಕಿನ್ಸನ್ ಅಂತ ಕಾಯಿಲೆ," ಎಂದಳು ಸೌಂದರ್ಯ. "ಕುಡಿತ ಅಲ್ಲ. ಭಾರ ಕಟ್ಟಿದ್ರೆ ನಡುಕ ಕಮ್ಮಿ ಆಗ್ತತಿ ಅಂತ ಡಾಕ್ಟ್ರು ಹೇಳಿದ್ರು. ತೂಕದ ಕಲ್ಲು ಕಟ್ಕೊಳ್ಳಿ ಅಂತ ಹೇಳಿರ್ಲಿಲ್ಲ. ಅದು ನಮ್ಮ ಮಾವನ ಸ್ವಂತ ಬುದ್ಧಿ."

"ಅಂಟೋ ರೋಗಾನಾ?" ಎಂದು ಗೌರಮ್ಮ ಕೇಳಿದರು.

"ಅಂಟಲ್ಲ ಅತ್ತೆ."

ಆ ಕೊನೆಯ ಪದ ಅವಳಿಗೆ ಗೊತ್ತಿಲ್ಲದೆ ಬಂದಿತ್ತು. ಎಲ್ಲರೂ ಕೇಳಿಸಿಕೊಂಡರು. ಯಾರೂ ಕೇಳಿಸಿಕೊಂಡಂತೆ ತೋರಿಸಲಿಲ್ಲ. ಚನ್ನೇಶ್ ಹೋಳಿಗೆಯನ್ನು ಬಾಯಿಗೆ ಹಾಕಿಕೊಂಡ.

"ಅಂದ್ರೆ ಆ ಕೊಸರು?" ಎಂದರು ಶಾಂತವೀರಪ್ಪನವರು, ನಿಂತಲ್ಲಿಂದಲೇ. "ಸೇರು ತುಂಬಿದ ಮೇಲೂ ಕೈ ನಿಲ್ಲಲ್ಲ ಅಂತ ಆಯಮ್ಮ ಹೇಳಿದ್ದು?"

ಈಗ ಸುಮ್ಮನಿದ್ದರೆ ಉದಾರಿಯೆಂಬ ಹೆಸರು ಉಳಿಯುತ್ತಿತ್ತು. ಸದಾಶಿವಪ್ಪನವರು ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು.

"ಧರ್ಮ ಅಲ್ರೀ ಅದು. ನಡುಕ. ನಾನು ಹಾಕ್ತಿದ್ದಿದ್ದು ಏಳೇ ಕಾಳು. ಮಿಕ್ಕಿದ್ದೆಲ್ಲ ತಾನಾಗಿ ಬಿದ್ದಿದ್ದು."

"ಎಷ್ಟು ದಿನ ಬಿತ್ತು?"

"ಸಂಕ್ರಾಂತಿಯಿಂದ ಕಲ್ಲು ಕಟ್ಟೋವರೆಗೂ. ಎರಡೂವರೆ ತಿಂಗಳು."

"ಬಿದ್ದಿದ್ದನ್ನ ಯಾರ ಚೀಲದಿಂದಾದ್ರೂ ವಾಪಸ್ ತೆಗೆದ್ರಾ?"

ಸದಾಶಿವಪ್ಪನವರು ಗಾಬರಿಯಾದರು. ಇಂಥ ಪ್ರಶ್ನೆಯನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ.

"ಎಲ್ಲಾದ್ರೂ ಉಂಟಾ? ಅವರ ಚೀಲಕ್ಕೆ ಬಿದ್ದಿದ್ದು ಅವರದ್ದಲ್ಲೇನ್ರೀ?"

ಶಾಂತವೀರಪ್ಪನವರು ಪಂಚೆ ಸರಿಮಾಡಿಕೊಂಡು ಎಲೆಯ ಮುಂದೆ ಕೂತರು. ಕಬ್ಬಿಣದ ಕಲ್ಲನ್ನು ಎರಡು ಬೆರಳಲ್ಲಿ ಎತ್ತಿ, ಅಂಟಿದ್ದ ಹಪ್ಪಳದ ಪುಡಿ ಒರೆಸಿ, ಚನ್ನೇಶನ ಕೈಗೆ ಕೊಟ್ಟರು.

"ತಗಾ, ನಿಮ್ಮ ಮಾವಗೆ ಕೊಡು. ಕಚೇರಿಗೆ ತೋರಿಸಬೇಕಂತೆ."

ನಾಗರಾಜ ತಾನು ಮಾಡಿದ ಉಪಕರಣ ಕೊನೆಗೂ ಫಲ ಕೊಟ್ಟಿತೆಂದು ಅಕ್ಕನ ಕಡೆ ನೋಡಿದ. ಅಕ್ಕ ನೋಡಿದ ರೀತಿಗೆ ಹಿತ್ತಲಿಗೆ ಹೋದ.

"ಇನ್ನು ಬಡಿಸ್ರಿ ಬೀಗ್ರೇ," ಎಂದರು ಶಾಂತವೀರಪ್ಪನವರು. "ಹೆಂಗೆ ಬರ್ತದೋ ಹಂಗೆ."

ಸದಾಶಿವಪ್ಪನವರು ಗಿಂಡಿ ಎತ್ತಿಕೊಂಡರು. ಕೈ ನಡುಗಿತು. ತುಪ್ಪ ಹೋಳಿಗೆಯ ಮೇಲೆ ಬಿತ್ತು, ಪಲ್ಯದ ಮೇಲೆ ಬಿತ್ತು, ಕೋಸಂಬರಿಯನ್ನು ಸುತ್ತುವರಿಯಿತು. ಅವರು ಸಾಕು ಎನ್ನುವ ಮಾತಿಗಾಗಿ ಬೀಗರ ಬಾಯಿಯನ್ನೇ ನೋಡುತ್ತಿದ್ದರು. ಶಾಂತವೀರಪ್ಪನವರು ತುಪ್ಪವನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಎರಡು ವರ್ಷದ ಹುಡುಕಾಟ ಮುಗಿದವನ ಶಾಂತಿ ಇತ್ತು. ತುಪ್ಪ ಎಲೆಯ ಅಂಚಿಗೆ ಬಂದು, ಸ್ವಲ್ಪ ತಡೆದು, ಗೌರಮ್ಮನ ಎಲೆಯ ಕಡೆ ಹೊರಟಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ರಾಜೇಶ್ವರಮ್ಮ ಕೂಗಿದರು: "ಅಯ್ಯೋ, ಯಾರಾದ್ರೂ ಸಾಕು ಅನ್ರೀ!"

ಯಾರೂ ಅನ್ನಲಿಲ್ಲ.